ಮಗ್ಗದ ಕುಣಿಯ ಸಮುದ್ರ

ಅವರು ತೀರಿಕೊಂಡ ದಿನ ಸಂಜೆಯ ತನಕ ನಮ್ಮ ಓಣಿಯಲ್ಲಿ ಒಬ್ಬರೂ ಅಳಲಿಲ್ಲ. ಹೆಣ ಇಡುವ ಫ್ರೀಜರ್ ಪೆಟ್ಟಿಗೆ ಹೊತ್ತ ಗಾಡಿ ಹಾಡಹಗಲು ಬಂದು ಅವರ ಬಾಗಿಲಿಗೆ ನಿಂತಿತು. ಎದುರು ಮನೆಯಾಕೆ ಒಮ್ಮೆ ಇಣುಕಿ ನೋಡಿ, ಮತ್ತೆ ಕೂತು ಶೇಂಗಾ ಸುಲಿಯತೊಡಗಿದಳು. ಪರೀಕ್ಷೆಯ ಪೇಪರು ತಿದ್ದುತ್ತಿದ್ದ ನಾನು ಎದ್ದು ಕಿಟಕಿ ಹಾಕಿಕೊಂಡೆ, ಆ ಗಾಡಿಯ ಜನರೇಟರಿನ ಸದ್ದು ಕೇಳಬಾರದೆಂದು. ನಾವೇನು ಕಲ್ಲು ಮನಸ್ಸಿನವರಲ್ಲ. ಬೆಟಗೇರಿಯ ನೇಕಾರರ ಓಣಿ ನಮ್ಮದು, ಯಾರದೋ ಮನೆಯ ಆಕಳು ಸತ್ತರೂ ನಾಲ್ಕು ಮಂದಿ ಹೋಗಿ ಕೂತು ಬರುತ್ತೇವೆ. ತಪ್ಪೆಲ್ಲ ತೀರಿಕೊಂಡವರದೇ. ಸತ್ತವರನ್ನು ಬಯ್ಯಬಾರದು ಅನ್ನುತ್ತಾರೆ. ಆದರೆ ಇವರನ್ನು ಬಯ್ಯದೆ ಇವರ ಬಗ್ಗೆ ಬರೆಯುವುದು ನನ್ನಿಂದ ಆಗದ ಕೆಲಸ.

ನಮ್ಮಿಬ್ಬರ ಮನೆಯ ನಡುವೆ ಒಂದೇ ಗೋಡೆ. ನಾನು ಗದಗಿನ ಕಾಲೇಜೊಂದರಲ್ಲಿ ಕಾಮರ್ಸ್ ಹೇಳುವವನು, ಅವರು ನೂಲಿಗೆ ಬಣ್ಣ ಹಾಕುವವರು. ನಾನು ಅವರಿಗೆ ಅಣ್ಣಾರ ಅನ್ನುತ್ತಿದ್ದೆ, ಅವರ ಹೆಂಡತಿಗೆ ವೈನಿ. ಅವರಿಬ್ಬರಿಗೂ ನಾನು ‘ಸರ’. ಕುಳ್ಳ ಆಳು, ಮೊಣಕೈ ತನಕ ಸದಾ ಯಾವುದೋ ಒಂದು ಬಣ್ಣ. ಓಣಿಯ ಹೆಂಗಸರು ಅವರ ಉಗುರು ನೋಡಿಯೇ ಈ ಸಲ ಪೇಟೆಗೆ ಎಂಥ ಸೀರೆ ಬರುತ್ತದೆಂದು ಹೇಳಿಬಿಡುತ್ತಿದ್ದರು. ಮನುಷ್ಯರನ್ನು ಅಳೆಯಲಿಕ್ಕೂ ಅಣ್ಣಾರ ಹತ್ತಿರ ಇದ್ದದ್ದು ಬಣ್ಣದ ಅಳತೆಯೊಂದೇ. ಒಳ್ಳೆಯವನಾದರೆ ‘ಪಕ್ಕಾ ಬಣ್ಣ’, ಬರೀ ಬಾಯಿಮಾತಿನವನಾದರೆ ‘ಎರಡು ತೊಳತಕ್ಕ ಹೋಗೋ ಗಿರಾಕಿ’. ನನ್ನನ್ನು ಯಾವ ಸಾಲಿಗೆ ಹಾಕಿದ್ದೀರಿ ಎಂದು ಒಮ್ಮೆ ಕೇಳಿದೆ. ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡುವವರ ಹಾಗೆ ಕಣ್ಣು ಕಿರಿದು ಮಾಡಿ ನೋಡಿ, “ನಿಮ್ಮನ್ನ ಇನ್ನಾ ತೊಳದು ನೋಡಿಲ್ರಿ ಸರ” ಅಂದರು.

ಅವರ ಜಂಬವೂ ಅದೊಂದೇ. “ನನ್ನ ಕೈಯಾಗ ಬಣ್ಣ ಬಿಟ್ಟಿದ್ದು ಒಂದು ಸೀರಿ ತೋರಸ್ರಿ, ಊರು ಬಿಟ್ಟು ಹೊಕ್ಕೀನಿ” ಅನ್ನುತ್ತಿದ್ದರು. ಯಾರೂ ತೋರಿಸಲಿಲ್ಲ, ಅವರೂ ಊರು ಬಿಡಲಿಲ್ಲ.

ಇಂಥ ಮನುಷ್ಯ ಹುಬ್ಬಳ್ಳಿಗೆ ಯಾರದೋ ಮದುವೆಗೆಂದು ಹೋದರು. ಮದುವೆ ಇದ್ದದ್ದು ಒಂದು ಹೋಟೆಲಿನ ಸಭಾಂಗಣದಲ್ಲಿ. ಒಳಗೆ ಹೋಗುವ ದಾರಿಯಲ್ಲಿ ದೊಡ್ಡ ಗಾಜಿನ ತೊಟ್ಟಿ, ಅದರಲ್ಲಿ ಸಮುದ್ರದ ನೀರು, ಜೀವಂತ ಹವಳ, ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಜೋಡಿ ಮೀನು. ಅಣ್ಣಾರು ಅದರ ಮುಂದೆ ನಿಂತವರು ಅಕ್ಷತೆಗೂ ಒಳಗೆ ಹೋಗಲಿಲ್ಲ, ಊಟಕ್ಕೂ ಹೋಗಲಿಲ್ಲ. ಆ ತೊಟ್ಟಿಯ ಉಸಾಬರಿ ಸಾಕಾಗಿದ್ದ ಹೋಟೆಲಿನ ಮಾಲಕ, “ಅಷ್ಟು ಮನಸಿದ್ರ ಒಯ್ರಿ ಅಜ್ಜಾರ” ಎಂದು ಚೇಷ್ಟೆಗೆ ಅಂದಿರಬೇಕು. ಸಂಜೆ ನಮ್ಮ ಓಣಿಗೆ ಟೆಂಪೋ ಬಂತು. ಮದುವೆಗೆ ಹೋದವರು ತೆಂಗಿನಕಾಯಿ ತರುತ್ತಾರೆ, ಇವರು ಸಮುದ್ರ ತಂದಿದ್ದರು.

ಅವರನ್ನು ಹಿಡಿದದ್ದು ಮೀನಲ್ಲ. ಒಂದು ಹವಳ. ಗಿಡವೂ ಅಲ್ಲ, ಕಲ್ಲೂ ಅಲ್ಲ, ಟೊಂಗೆ ಟೊಂಗೆಯಾಗಿ ಬೆಳೆಯುವ ಒಂದು ಪ್ರಾಣಿ. ಬುಡಕ್ಕೆ ಹಸಿರು, ತುದಿಗೆ ಒಂದು ನೀಲಿ. ಆ ನೀಲಿಯನ್ನು ನಾನು ಬಣ್ಣಿಸಲಾರೆ, ಅವರೇ ಹೇಳಲಿ. “ಸರ, ಈ ನೀಲಿ ನಮ್ಮಪ್ಪ ಸಾಯೋತನಕ ಹುಡುಕಿದ. ನಾನೂ ಹುಡುಕೀನಿ. ಯಾವ ಡ್ರಮ್ಮಿನಾಗೂ ಬರಲಿಲ್ಲ. ಇದು ನೋಡ್ರಿ, ಬೆಂಕಿ ಇಲ್ಲ, ಬಣ್ಣದ ಪುಡಿ ಇಲ್ಲ, ಸುಮ್ಮನ ಕುಂತಲ್ಲೆ ಬಂದೈತಿ ಇದಕ್ಕ.”

ವೈನಿಯ ಮಾತು ಬೇರೆ. “ಮದವ್ಯಾದಾಗಿಂದ ಹವಳದ ಸರಾ ಕೇಳಕೋತ ಬಂದೀನಿ. ಈಗ ತಂದಾರ ನೋಡ್ರಿ. ಕೊರಳಾಗ ಹಾಕ್ಕೊಳ್ಳೋದಲ್ಲಂತ, ಊಟಾ ಹಾಕಿ ಜ್ವಾಕಿ ಮಾಡೋದಂತ!”

ಊರಿನ ಮಂದಿಗೆ ಸಿಟ್ಟು ಬಂದದ್ದು ನೀರಿನ ಸಲುವಾಗಿ. ನಮ್ಮಲ್ಲಿ ನಳದ ನೀರು ಯಾವಾಗ ಬರುತ್ತದೆಂದು ಜೋಯಿಸರೂ ಹೇಳಲಾರರು. ತುಂಗಭದ್ರೆಯಿಂದ ಅಷ್ಟು ದೂರ ಹರಿದು ಬಂದ ಸಿಹಿ ನೀರನ್ನು ಕೊಡದಲ್ಲಿ ಹಿಡಿದು, ಅದನ್ನು ಮತ್ತೆ ಸೋಸಿ, ಆಮೇಲೆ ಅದಕ್ಕೆ ಪಾಕೀಟು ಒಡೆದು ಸಮುದ್ರದ ಉಪ್ಪು ಹಾಕುವ ಮನುಷ್ಯನನ್ನು ಕಂಡರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ? ನನಗಂತೂ ಉರಿಯಿತು. ಹೇಳಿಯೂ ಹೇಳಿದೆ. “ಖರೆ ಐತ್ರಿ ಸರ” ಎಂದು ತಲೆ ಅಲ್ಲಾಡಿಸಿ, ಇನ್ನೊಂದು ಪಾಕೀಟು ಒಡೆದರು.

ಇಷ್ಟೇ ಆಗಿದ್ದರೆ ಅದೊಂದು ಹುಚ್ಚು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಬೇಸಿಗೆ ಬಂತು. ನೀರು ಕಾದರೆ ಹವಳ ತಾಳುವುದಿಲ್ಲ. ಸ್ವಲ್ಪವೇ ಕಾವು ಏರಿದರೂ ತನ್ನ ಬಣ್ಣವನ್ನು ತಾನೇ ಬಿಟ್ಟು ಸುಣ್ಣದ ಹಾಗೆ ಬೆಳ್ಳಗಾಗುತ್ತದೆ, ಬೆಳ್ಳಗಾಗಿಯೇ ಉಳಿದರೆ ಸಾಯುತ್ತದೆ. ಹೋಟೆಲಿನವನು ಇದನ್ನು ಹೇಳಿರಲಿಲ್ಲ. ಫೋನಿನಲ್ಲಿ ಯಾರೋ ಹೇಳಿದ ದಿನ ಅಣ್ಣಾರು ಗೋಡೆಯಾಚೆಯಿಂದ ನನ್ನನ್ನು ಕೂಗಿ ಕರೆದರು. ಮುಖ ಸಣ್ಣದಾಗಿತ್ತು. “ಜನ್ಮೆಲ್ಲ ಕುದಿಯೋ ನೀರಾಗ ಬಣ್ಣ ಹಿಡಿಸಿದಾಂವ ನಾನು. ಇದು ಕಾವಿಗೆ ಬಣ್ಣ ಬಿಡತೈತಂತ್ರಿ! ನನ್ನ ಮನ್ಯಾಗ! ಮಂದಿ ಏನಂದಾರು?”

ಮಂದಿ ಏನೂ ಅನ್ನುತ್ತಿರಲಿಲ್ಲ. ಹವಳ ಬಣ್ಣ ಬಿಟ್ಟರೆ ಬೆಟಗೇರಿಯ ಯಾವ ಗಿರಾಕಿಗೂ ನಷ್ಟವಿಲ್ಲ. ಆದರೆ ಅವರಿಗೆ ಅದು ಮಾನದ ಪ್ರಶ್ನೆಯಾಗಿ ಕೂತಿತು.

ಅವರ ಮನೆಯ ಪಡಸಾಲೆಯಲ್ಲಿ ಎರಡು ಕುಣಿಗಳಿದ್ದವು. ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿ. ಒಂದರಲ್ಲಿ ವೈನಿ ಇನ್ನೂ ನೇಯುತ್ತಿದ್ದರು. ಇನ್ನೊಂದು ಅಣ್ಣಾರ ಅಪ್ಪನದು, ಮಗ್ಗ ಬಿಚ್ಚಿದ ಮೇಲೆ ಹಲಗೆ ಮುಚ್ಚಿ ಬಿಟ್ಟದ್ದು. ಮನೆಯಲ್ಲೆಲ್ಲ ತಂಪಾದ ಜಾಗವೆಂದರೆ ಆ ಕುಣಿ. ಅದನ್ನು ಅಗಲ ಮಾಡಿಸಿ, ಆಳ ಮಾಡಿಸಿ, ತೊಟ್ಟಿಯನ್ನು ಅದರೊಳಗೆ ಇಳಿಸಿದರು. ಹೀಗಾಗಿ ನಮ್ಮೂರಿನ ಸಮುದ್ರ ನೋಡಬೇಕೆಂದರೆ ನೆಲದ ಮೇಲೆ ಬೋರಲು ಮಲಗಬೇಕಿತ್ತು. ಲಕ್ಷ್ಮೇಶ್ವರದಿಂದ ನೂಲು ಒಯ್ಯಲು ಬಂದ ವ್ಯಾಪಾರಿಗಳೂ ಧೋತರದ ಸಮೇತ ಬೋರಲು ಮಲಗಿ ನೋಡಿ, ಎದ್ದು ಎದೆಯ ಧೂಳು ಜಾಡಿಸಿಕೊಂಡು, ಆಮೇಲೆ ದರದ ಮಾತು ತೆಗೆಯುತ್ತಿದ್ದರು. ಅಣ್ಣಾರು ದಿನಾ ಮಲಗುತ್ತಿದ್ದ ಜಾಗದಲ್ಲಿ ನೆಲ ಸವೆದು ನುಣುಪಾಗಿತ್ತು.

ಮೊದಲ ಬೇಸಿಗೆಯ ಅನಾಹುತ ಮಾತ್ರ ಬಣ್ಣಗಾರನೊಬ್ಬನೇ ಮಾಡಬಲ್ಲಂಥದು. ನೀರಿನ ಕಾವು ನೋಡಲು ಕಡ್ಡಿಯಂಥ ಯಂತ್ರ ತಂದುಕೊಳ್ಳಿ ಎಂದು ನಾನು ಹೇಳಿದರೆ ಅವರಿಗೆ ಅವಮಾನವಾಯಿತು. “ನೀರಿನ ಕಾವು ನೋಡಾಕ ನನಗ ಯಂತ್ರ? ಕೈ ಸತ್ತಾವೇನ್ರೀ?” ಎಂದು ಕೈ ಅದ್ದಿ, “ತಣ್ಣಗ ಐತಿ” ಅಂದರು. ದಿನಾ ಅದ್ದಿದರು, ದಿನಾ ತಣ್ಣಗೇ ಇತ್ತು. ಆದರೆ ಮೀನಿನ ಜೊತೆಗೇ ತೊಟ್ಟಿಯಲ್ಲಿ ಬಂದಿದ್ದ ಸೀಗಡಿಗಳು ಸತ್ತು ತೇಲಿದವು, ಹವಳದ ಒಂದು ಟೊಂಗೆ ಮಂಕಾಯಿತು. ವೈನಿ ಮಗ್ಗದಿಂದ ಎದ್ದು ಬಂದು ಒಂದು ಬೆರಳು ಅದ್ದಿ, “ಅಯ್ಯ ನಿಮ್ಮ! ಇದು ಜಳಕದ ನೀರಾಗೇತಲ್ರೀ!” ಎಂದು ಚೀರಿದರು. ಕುದಿಯುವ ಡ್ರಮ್ಮಿನಲ್ಲಿ ನೂಲು ತಿರುವಿ ತಿರುವಿ ಆ ಕೈ ಖರೇನೇ ಸತ್ತಿದ್ದವು. ಅಂದಿನಿಂದ ಕಾವು ನೋಡುವ ಯಂತ್ರ ವೈನಿಯ ಬೆರಳು. ಬಯ್ಯುತ್ತ ಬರುವರು, ಬೆರಳು ಅದ್ದುವರು, ತೀರ್ಪು ಕೊಡುವರು, ಬಯ್ಯುತ್ತ ಮಗ್ಗಕ್ಕೆ ಮರಳುವರು. “ತಂಪು ಅಕಿ ನೋಡತಾಳ, ಬಣ್ಣ ನಾ ನೋಡತೀನಿ” ಎಂದು ಅಣ್ಣಾರು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು.

ತಂಪು ಮಾಡುವುದಕ್ಕೆ ಅವರು ಬಿಟ್ಟ ಉಪಾಯವಿಲ್ಲ. ನೀರಿನ ಮೇಲೆ ಟೇಬಲ್ ಫ್ಯಾನು ತಿರುಗಿಸಿದರು. ಒಮ್ಮೆ ಉಪ್ಪುನೀರನ್ನು ಮಣ್ಣಿನ ಹರವಿಗಳಲ್ಲಿ ತುಂಬಿ, ಒದ್ದೆ ಗೋಣಿಚೀಲ ಸುತ್ತಿ, ಬೇವಿನ ನೆರಳಿಗೆ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ತಂಪಾದ ಮೇಲೆ ತೊಟ್ಟಿಗೆ ಹಾಕುವ ಲೆಕ್ಕ. ಬೇಸಿಗೆಯಲ್ಲಿ ಹಾದಿಗೆ ಹರವಿ ಇಟ್ಟರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ, ಯಾರೋ ಪುಣ್ಯಾತ್ಮರ ಅರವಟಿಗೆ. ಮುಂಡರಗಿಯಿಂದ ಸಂತೆಗೆ ಬಂದಿದ್ದ ಒಬ್ಬ ಮುದುಕ ಚರಿಗೆ ತುಂಬ ಎತ್ತಿ ಗಟಗಟ ಕುಡಿದ. ಆಮೇಲೆ ಅವನು ಅಂದದ್ದನ್ನು ಬರೆಯುವ ಹಾಗಿಲ್ಲ. ಗದ್ದಲ ಕೇಳಿ ಅಣ್ಣಾರು ಓಡಿ ಬಂದರು. ತಪ್ಪಾಯಿತು ಅನ್ನುತ್ತಾರೆಂದು ನಾವೆಲ್ಲ ನೋಡುತ್ತಿದ್ದರೆ, ಮುದುಕನ ಎರಡೂ ಭುಜ ಹಿಡಿದು, “ಅದಿರ್ಲಿ ಯಜಮಾನ್ರ, ತಂಪಿತ್ತೋ ಇಲ್ಲೋ, ಖರೆ ಹೇಳ್ರಿ” ಎಂದು ಕೇಳಿದರು. ಮುದುಕ ಬಾಯಿ ಒರೆಸಿಕೊಂಡು, “ತಂಪೇನೋ ಇತ್ತು” ಅಂದ. ವೈನಿ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದರು. ಮರುದಿನದಿಂದ ಆ ಸಾಲಿನ ಪಕ್ಕದಲ್ಲಿ ಅವರದೇ ಸಿಹಿನೀರಿನ ಹರವಿಯೊಂದು ಬಂದು ಕೂತಿತು.

ಕೊನೆಗೆ ಕೈ ಹಿಡಿದದ್ದು ಬಾಟಲಿಗಳು. ನೀರು ತುಂಬಿ ಬಿಗಿಯಾಗಿ ಮುಚ್ಚಿದ ಬಾಟಲಿಯನ್ನು ಬರ್ಫ ಮಾಡಿ ತೊಟ್ಟಿಯಲ್ಲಿ ತೇಲಬಿಟ್ಟರೆ ಕಾವು ಇಳಿಯುತ್ತದೆ. ಅವರ ಮನೆಯ ಫ್ರಿಜ್ ಸಾಲದೆ, ಓಣಿಯ ಎಲ್ಲರ ಫ್ರಿಜ್ಜಿಗೂ ಬಾಟಲಿಗಳು ಹೊಕ್ಕವು. ಯಾರ ಮನೆಯದು ಯಾವುದೆಂದು ತಿಳಿಯಲು ಒಂದೊಂದಕ್ಕೂ ಕೊರಳಿಗೆ ಬೇರೆ ಬೇರೆ ಬಣ್ಣದ ನೂಲು ಕಟ್ಟಿದ್ದರು. ನಮ್ಮ ಮನೆಗೆ ನೀಲಿ. ಅದು ಗೌರವವಂತೆ. ನನ್ನ ಹೆಂಡತಿ ಮೊಮ್ಮಗುವಿಗೆಂದು ಮಾಡಿಟ್ಟ ಐಸ್‌ಕ್ರೀಮಿಗೆ ಜಾಗವಿಲ್ಲದೆ ಅದು ಕರಗಿ ಹೋದ ದಿನ ಈ ಗೌರವದ ಬಗ್ಗೆ ನಮ್ಮ ಮನೆಯಲ್ಲಿ ದೊಡ್ಡ ಜಗಳವೇ ಆಯಿತು.

ನೀವು ಗೋವಾಕ್ಕೆ ಹೋಗಿ ಒಮ್ಮೆ ಖರೇ ಸಮುದ್ರ ನೋಡಿ ಬರಬಾರದೇ ಎಂದು ಕೇಳಿದ್ದೆ. ಅವರು ಜೀವಮಾನದಲ್ಲಿ ಸಮುದ್ರ ಕಂಡವರಲ್ಲ. “ಹೆಂಗ ಹೋಗಲಿ? ಸಮುದ್ರ ಬಿಟ್ಟು ಸಮುದ್ರ ನೋಡಾಕ ಹೋಗೋದಾ?” ಎಂದು ನನ್ನನ್ನೇ ಗದರಿಸಿದರು.

ಈಗ ಆ ಪೆಟ್ಟಿಗೆಯ ಮಾತಿಗೆ ಬರುತ್ತೇನೆ. ಹೋದ ವರ್ಷದ ಬೇಸಿಗೆಯಲ್ಲಿ ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಫ್ಯಾನು ನಿಂತಿತು, ಫ್ರಿಜ್ಜುಗಳು ಬೆಚ್ಚಗಾದವು, ಬಾಟಲಿಗಳು ಕರಗಿದವು. ವೈನಿ ಶಿರಹಟ್ಟಿಗೆ, ತವರಿನಲ್ಲಿ ಕೂಸಿನ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದರು. ನಡುಮಧ್ಯಾಹ್ನ ಹವಳದ ತುದಿ ಮಂಕಾಗತೊಡಗಿತು. ಕರೆಂಟ್ ಇಲ್ಲದೆಯೂ ತಂಪಿರುವುದು ಊರಿನಲ್ಲಿ ಎಲ್ಲಿ? ಅಣ್ಣಾರ ತಲೆಗೆ ಹೊಳೆದದ್ದು ಹಿಂದಿನ ಓಣಿಯ ತರುಣರ ಸಂಘದವರು ಇಟ್ಟುಕೊಂಡಿದ್ದ ಫ್ರೀಜರ್ ಪೆಟ್ಟಿಗೆ. ಯಾರಾದರೂ ಸತ್ತರೆ ದೂರದ ಮಕ್ಕಳು ಬರುವ ತನಕ ಹೆಣ ಇಡುವ ಪೆಟ್ಟಿಗೆ. ಅದಕ್ಕೆ ಗಾಡಿಯಲ್ಲೇ ಸ್ವಂತ ಜನರೇಟರ್. ಓಡಿ ಹೋಗಿ ಕೇಳಿದರು.

“ಯಾರು ಹೋದ್ರು ಅಜ್ಜಾರ?” ಎಂದು ಸಂಘದವರು ಕೇಳಿದ್ದಾರೆ.

“ಇನ್ನಾ ಹೋಗಿಲ್ಲ. ಹೋಗಬಾರದು ಅಂತನ ಒಯ್ಯಾಕತ್ತೀನಿ. ಜಲ್ದಿ ನಡ್ರಿ.”

ದುಃಖದಲ್ಲಿ ಮುದುಕನ ತಲೆ ಕೆಟ್ಟಿದೆ ಎಂದುಕೊಂಡು ಅವರು ಮರುಮಾತಿಲ್ಲದೆ ಗಾಡಿ ತಂದರು. ಓಣಿ ನೋಡಿತು. ಪೆಟ್ಟಿಗೆ ಬಂದಿದೆ, ವೈನಿ ಕಾಣುತ್ತಿಲ್ಲ, ಅಣ್ಣಾರು ನೆಲದ ಮೇಲೆ ಬೋರಲು ಬಿದ್ದಿದ್ದಾರೆ. ಇನ್ನೇನು ಬೇಕು? ಹೆಂಗಸರು ಬಾಗಿಲಿನಿಂದಲೇ ಅಳುತ್ತ ಬಂದರು. ಭಜನಾ ಮಂಡಳಿಯ ಹಿರಿಯರು ಹಾರ್ಮೋನಿಯಂ ಹೊರಿಸಿಕೊಂಡು ಬಂದರು. ಸಮಾಧಾನ ಮಾಡಿಕೊಳ್ಳಿ ಎಂದು ನಾನೇ ಅವರ ಬೆನ್ನು ಸವರಿದೆ. “ಇನ್ನಾ ಜೀವ ಐತಿ, ಬಾಜೂಕ ಸರೀರಿ!” ಎಂದು ಅವರು ಚೀರಿದ್ದು ಕೇಳಿ ಹೆಂಗಸರ ಅಳು ಇನ್ನೂ ಜೋರಾಯಿತು.

ಯಾರೋ ಪುಣ್ಯಾತ್ಮರು ಶಿರಹಟ್ಟಿಯ ತವರಿಗೆ ಫೋನು ಹಚ್ಚಿ, ನಿಮ್ಮ ಮಗಳು ಹೋದಳು ಎಂದು ಹೇಳಿಬಿಟ್ಟರು. ಫೋನು ಎತ್ತಿದವರು ವೈನಿಯೇ. ಎಲ್ಲವನ್ನೂ ಕೇಳಿಸಿಕೊಂಡು, “ಹೌದ? ಯಾವಾಗ ಹೋದೆ ನಾನು?” ಅಂದರಂತೆ.

ಮುಂದಿನ ಬಸ್ಸಿಗೆ ಬಂದರು. ಅವರು ಹೊಸ್ತಿಲು ದಾಟಿದಾಗ, ಹೆಣ ಇನ್ನೂ ಒಳಕೋಣೆಯಲ್ಲಿದೆ ಎಂಬ ನಂಬಿಕೆಯಲ್ಲಿ ಭಜನೆ ನಡೆದಿತ್ತು. ತಾಳ ನಿಂತಿತು. ಪೆಟ್ಟಿಗೆಯ ಗಾಜಿನ ಕೆಳಗೆ ಸಾಲಾಗಿ ಬಾಟಲಿಗಳು, ನಡುವೆ ಒಂದು ಬಕೆಟ್ ಉಪ್ಪುನೀರು. ತನಗೆಂದು ತಂದಿದ್ದ ಹೂವಿನ ಹಾರವನ್ನು ವೈನಿ ಎತ್ತಿಕೊಂಡರು, ಕುಣಿಯ ಅಂಚಿನಲ್ಲಿ ಮಲಗಿದ್ದ ಗಂಡನ ಕೊರಳಿಗೆ ಹಾಕಿದರು, ಆಮೇಲೆ ಬಗ್ಗಿ ನೀರಿಗೆ ಬೆರಳು ಅದ್ದಿದರು. “ಆತು, ತಣ್ಣಗಾಗೇತಿ. ಏಳ್ರಿ ಇನ್ನ” ಅಂದರು. ಹವಳ ಉಳಿಯಿತು. ಬಂದ ತಪ್ಪಿಗೆ ಮಂಡಳಿಯವರು ಇನ್ನೆರಡು ಹಾಡು ಹೇಳಿ ಚಹಾ ಕುಡಿದು ಹೋದರು. ಓಣಿ ಮಾತ್ರ ಅಂದೇ ಆಣೆ ಮಾಡಿತು. ಈ ಮನೆಗೆ ಮತ್ತೆ ಆ ಪೆಟ್ಟಿಗೆ ಬಂದರೆ ನಾವು ಕೂತಲ್ಲಿಂದ ಏಳುವುದಿಲ್ಲ.

ಈ ವರ್ಷ ಬಂತು. ನಾವು ಏಳಲಿಲ್ಲ.

ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ವೈನಿ ನಿಂತಿದ್ದರು. ಕರೆಂಟ್ ಹೋಗಿತ್ತು.

“ಸರ, ನಿಮ್ಮ ಫ್ರಿಜ್ಜಿನಾಗ ನಮ್ಮ ಬಾಟ್ಲಿ ಅದಾವಲ್ಲ, ಕೊಡ್ರಿ.”

“ಅಣ್ಣಾರು ಎಲ್ಲ್ಯದಾರ್ರೀ? ನಿಮ್ಮನ್ನ ಕಳಿಸ್ಯಾರ?”

“ಪೆಟ್ಟಿಗ್ಯಾಗ ಅದಾರ.”

ನಾನು ನಕ್ಕೆ. “ಈಗ ಅವರಿಗೂ ಬ್ಯಾಸಗಿ ತಾಳವಲ್ದಾತೇನು?” ಅಂದೆ. ವೈನಿ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತರು.

“ಉಣ್ಣಾಕ ಏಳ್ರಿ ಅಂತ ಮಗ್ಗದ ಮ್ಯಾಲಿಂದನ ಕರದೆ ಸರ. ಮಲಗಿ ನೋಡೋ ಚಟಾ ಇದ್ದದ್ದ ಐತಲ್ಲ ಅಂತ ಸುಮ್ಮನಿದ್ದೆ. ಆಮ್ಯಾಲ ಹಣೀಗೆ ಕೈ ಇಟ್ಟೆ. ತಣ್ಣಗಾಗಿದ್ರು. ಇಚಲಕರಂಜಿಯಿಂದ ಮಗಳು ಬರಬೇಕಲ್ಲ, ಅದಕ್ಕ ಪೆಟ್ಟಿಗಿ ತರಿಸೀನಿ. ಗಾಡಿಯಾಂವ ಸೈತ ಕೇಳಿದ, ಮೀನಿಗೋ ಮನಷ್ಯಾಗೋ ಅಂತ.”

ಚಪ್ಪಲಿ ಮೆಟ್ಟದೆ ಹೊರಗೆ ಓಡಿದೆ. ಓಣಿಯಲ್ಲಿ ನಿಂತು ಕೂಗಿದೆ. ಯಾರೂ ನಂಬಲಿಲ್ಲ. ಎದುರು ಮನೆಯಾಕೆ ಉಡಿಯಲ್ಲಿದ್ದ ಶೇಂಗಾ ಸಮೇತ ಬಂದು, ಗಾಜಿನ ಮುಚ್ಚಳದೊಳಗೆ ಮುಖ ನೋಡಿ, ಆಮೇಲೆ ಗಾಜನ್ನು ಬೆರಳಿನಿಂದ ಮೆಲ್ಲಗೆ ಬಡಿದು ನೋಡಿದಳು. ಅಣ್ಣಾರು ಏಳಲಿಲ್ಲ. ಅವರ ಉಗುರಿನಲ್ಲಿ ಆ ವಾರದ ಅರಿಷಿಣ ಬಣ್ಣ ಹಾಗೇ ಇತ್ತು. ನಾವು ಸುತ್ತ ನಿಂತೆವು. ಅಳು ಎಲ್ಲಿಂದ ಶುರು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ, ಅಷ್ಟು ಮೋಸ ಹೋಗಿದ್ದೆವು.

ವೈನಿಗೆ ನಮ್ಮ ಕಡೆ ಲಕ್ಷ್ಯವಿರಲಿಲ್ಲ. ಕುಣಿಯ ಹತ್ತಿರ ಕೂತು ಬೆರಳು ಅದ್ದಿದ್ದರು. “ಇನ್ನಾ ಬಿಸಿ ಐತಿ.” ಓಣಿಯ ಫ್ರಿಜ್ಜುಗಳಿಂದ ಬಂದ ಬಾಟಲಿಗಳೆಲ್ಲ ಕರಗಿದವು. ಮತ್ತೆ ಅದ್ದಿದರು, ಮತ್ತೆ ಬಿಸಿ. ಹೊರಗೆ ಜನರೇಟರ್ ಅಣ್ಣಾರ ಒಬ್ಬರ ಸಲುವಾಗಿ ಗುರ್ರೆಂದು ನಡೆದಿತ್ತು. ವೈನಿ ಎದ್ದರು, ಪೆಟ್ಟಿಗೆಯ ಮುಚ್ಚಳ ಎತ್ತಿದರು, ಬಾಟಲಿಗಳನ್ನು ಗಂಡನ ಕಾಲ ಹತ್ತಿರ, ಆಮೇಲೆ ಎರಡೂ ಪಕ್ಕೆಗೆ ಜೋಡಿಸತೊಡಗಿದರು.

ಹಾರ್ಮೋನಿಯಂ ಹೊರಿಸಿಕೊಂಡು ಬಂದಿದ್ದ ಭಜನಾ ಮಂಡಳಿಯ ಹಿರಿಯರಿಗೆ ತಡೆಯಲಾಗಲಿಲ್ಲ. “ತಂಗೀ, ಏನಿದು? ಹೆಣದ ಬಾಜೂಕಿಟ್ಟಿದ್ದನ್ನ ಮತ್ತ ಆ ನೀರಿಗಿ ಹಾಕತೀಯೇನು? ಮೈಲಿಗಿ ಆಗಂಗಿಲ್ಲ?”

“ಸಮುದ್ರಕ್ಕ ಎಲ್ಲಿ ಮೈಲಿಗಿ ಐತ್ರಿ ಯಜ್ಜಾರ?” ಅಂದರು ವೈನಿ, ಜೋಡಿಸುವುದನ್ನು ನಿಲ್ಲಿಸದೆ. “ಅವರೊಬ್ಬರಿಗೇ ಇಷ್ಟು ತಂಪು ಯಾಕ ಬೇಕು? ಅವರಿಗೇನು ಇನ್ನ ಬಣ್ಣ ಬಿಡೋ ಅಂಜಿಕಿ ಐತೇನು?”

ಬಾಟಲಿಗಳು ತಣ್ಣಗಾದ ಮೇಲೆ ಹಿರಿಯರೇ ಒಂದನ್ನು ಎತ್ತಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಕುಣಿಗೆ ಇಳಿಸಿದೆ. ಆಮೇಲೆ ನೋಡನೋಡುತ್ತ ಪೆಟ್ಟಿಗೆಯಿಂದ ಕುಣಿಯ ತನಕ ಓಣಿ ಸಾಲು ನಿಂತಿತು. ತಂಪಾದದ್ದು ಈ ಕಡೆ, ಬೆಚ್ಚಗಾದದ್ದು ಆ ಕಡೆ. ಕೆಂಪು ನೂಲಿನದು, ಹಸಿರು ನೂಲಿನದು, ನಮ್ಮ ನೀಲಿ ನೂಲಿನದು, ಎಲ್ಲವೂ ಅಣ್ಣಾರ ಪಕ್ಕದಲ್ಲಿ ಸ್ವಲ್ಪ ಹೊತ್ತು ಮಲಗಿ ಎದ್ದು ಬರುತ್ತಿದ್ದವು. ಒಂದು ಮೂಲೆಯಲ್ಲಿ ಮಂಡಳಿಯವರ ಹಾರ್ಮೋನಿಯಂ ಶುರುವಾಯಿತು. ಹೊತ್ತು ಇಳಿಯುವಾಗ ವೈನಿ ಬೆರಳು ಅದ್ದಿ, ಬಹಳ ಹೊತ್ತು ಹಾಗೇ ಇಟ್ಟುಕೊಂಡು, “ಆತು” ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

“ಸರ, ನನಗ ತಂಪು ತಿಳೀತೈತಿ. ಬಣ್ಣ ನೋಡೋದು ಅವರ ಕೆಲಸ ಇತ್ತು. ಈಗ ನೀವು ನೋಡ್ರಿ.”

ಅಣ್ಣಾರ ಎದೆಯಿಂದ ಸವೆದಿದ್ದ ಆ ನುಣುಪು ಜಾಗದಲ್ಲಿ ನಾನು ಬೋರಲು ಮಲಗಿದೆ. ಇಷ್ಟು ವರ್ಷ ಗೋಡೆಯಾಚೆ ಇದ್ದು, ಬಯ್ದುಕೊಂಡು, ಒಮ್ಮೆಯೂ ಸರಿಯಾಗಿ ಮಲಗಿ ನೋಡಿರಲಿಲ್ಲ. ಕಿತ್ತಳೆ ಮೀನು ಜೋಡಿಯಾಗಿ ಒಂದು ಬಾಟಲಿಯ ಸುತ್ತ ಸುಳಿಯುತ್ತಿದ್ದವು. ಅವುಗಳ ಕೆಳಗೆ ಹವಳ. ಬುಡಕ್ಕೆ ಹಸಿರು, ತುದಿಗೆ ಆ ನೀಲಿ.

“ಪಕ್ಕಾ ಐತ್ರಿ ವೈನಿ” ಅಂದೆ.

ವೈನಿ ಪೆಟ್ಟಿಗೆಯ ಹತ್ತಿರ ಹೋಗಿ ಗಾಜಿನ ಮೇಲೆ ಬಾಗಿದರು. “ಕೇಳಿದ್ರೇನು? ಬಣ್ಣ ಬಿಟ್ಟಿಲ್ಲಂತ. ಸರ ನೋಡ್ಯಾರ.” ಉತ್ತರಕ್ಕೆ ಕಾಯುವವರ ಹಾಗೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಗಾಜಿಗೆ ಹಣೆ ಹಚ್ಚಿ ಅತ್ತರು. ಆಗ ಓಣಿಯೂ ಅತ್ತಿತು.